ಬಾವಿ ತುಂಬ ನೀರು, ಕೊಡವೇ ಇಲ್ಲ

‘ಸಾರ್, ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕ ಇದೆ ಅಂತ ನೀವೇ ಪಾಠ ಮಾಡಿದ್ರಿ. ಹಾಗಾದ್ರೆ ಕೋವಿಡ್ ಬಂದಾಗ ಆಮ್ಲಜನಕ ಇಲ್ಲದೆ ಜನ ಸತ್ತಿದ್ದು ಹೇಗೆ?’

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಉತ್ತರ ರಸಾಯನಶಾಸ್ತ್ರದಲ್ಲಿಲ್ಲ, ಸಾಗಾಣಿಕೆಯ ಲೆಕ್ಕದಲ್ಲಿದೆ.

ಗಾಳಿಯನ್ನು ವಿಪರೀತ ತಣಿಸಿ ದ್ರವ ಮಾಡಿ, ಅದರಿಂದ ಆಮ್ಲಜನಕವನ್ನು ಬೇರ್ಪಡಿಸುತ್ತಾರೆ. ಉಕ್ಕು ತಯಾರಿಕೆಗೆ ಇದು ಹೇರಳವಾಗಿ ಬೇಕು. ಹಾಗಾಗಿ ದೊಡ್ಡ ಘಟಕಗಳು ಇರುವುದು ರೂರ್ಕೆಲಾ, ಬೊಕಾರೊ, ನಮ್ಮ ತೋರಣಗಲ್ಲಿನಂಥ ಉಕ್ಕಿನ ಊರುಗಳಲ್ಲಿ. 2021ರ ಏಪ್ರಿಲ್ 22ರಿಂದ ಸರ್ಕಾರ ಹೆಚ್ಚಿನ ಕೈಗಾರಿಕೆಗಳಿಗೆ ಆಮ್ಲಜನಕ ನಿಲ್ಲಿಸಿ ಆಸ್ಪತ್ರೆಗಳತ್ತ ತಿರುಗಿಸಿತು. ಆದರೆ ರೂರ್ಕೆಲಾದಿಂದ ದೆಹಲಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ!

ದ್ರವ ಆಮ್ಲಜನಕ ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಒಂದು ಲೀಟರ್ ದ್ರವ 800 ಲೀಟರಿಗೂ ಹೆಚ್ಚು ಅನಿಲವಾಗುತ್ತದೆ. ಇದನ್ನು ಒಯ್ಯಲು ನಮ್ಮ ಥರ್ಮಾಸ್ ಫ್ಲಾಸ್ಕಿನ ಹಾಗೆ ಎರಡು ಗೋಡೆ, ನಡುವೆ ನಿರ್ವಾತ ಇರುವ ಟ್ಯಾಂಕರ್ ಬೇಕು. ಇದ್ದ ಟ್ಯಾಂಕರುಗಳು ಸಾಮಾನ್ಯ ದಿನಗಳ ಬೇಡಿಕೆಗೆ ಸರಿಹೋಗುತ್ತಿದ್ದವು, ಅಷ್ಟೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಊರಿಗೆ ದಿನಕ್ಕೊಂದು ಟ್ಯಾಂಕರ್ ಬೇಕು ಎನ್ನಿ. ಹೋಗಲು ಎರಡು ದಿನ, ಬರಲು ಎರಡು ದಿನ, ತುಂಬಿ ಇಳಿಸಲು ಒಂದು ದಿನ. ಅಂದರೆ ಐದು ಟ್ಯಾಂಕರ್ ಬೇಕು. ಖಾಲಿ ಟ್ಯಾಂಕರ್ ವಿಮಾನದಲ್ಲಿ ಕೆಲವೇ ಗಂಟೆಗಳಲ್ಲಿ ಹಿಂದಿರುಗಿದರೆ ಹೆಚ್ಚುಕಡಿಮೆ ಮೂರೇ ಸಾಕು! ವಾಯುಪಡೆ ಮಾಡಿದ್ದು ಇದನ್ನೇ. ತುಂಬಿದ ಟ್ಯಾಂಕರ್ ವಿಮಾನಕ್ಕೆ ಅಪಾಯ, ಖಾಲಿಯದನ್ನು ಒಯ್ಯಬಹುದು. ಏಪ್ರಿಲ್ 19ರಂದು ಮುಂಬೈ ಬಳಿಯ ಕಲಂಬೋಲಿಯಿಂದ ಖಾಲಿ ಟ್ಯಾಂಕರುಗಳನ್ನು ಹೊತ್ತ ರೈಲು ವಿಶಾಖಪಟ್ಟಣಕ್ಕೆ ಹೊರಟಿತು. ಸಾರಜನಕ, ಆರ್ಗಾನ್ ಸಾಗಿಸುತ್ತಿದ್ದ ಟ್ಯಾಂಕರುಗಳನ್ನೂ ಆಮ್ಲಜನಕಕ್ಕೆ ಮಾರ್ಪಡಿಸಿದರು. ಎಲ್ಲವೂ ಮೆಚ್ಚತಕ್ಕ ಕೆಲಸವೇ. ಆದರೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ಸರಪಳಿಯ ಕೊನೆಯ ಕೊಂಡಿಯೂ ಅಷ್ಟೇ ಮುಖ್ಯ. ತೋರಣಗಲ್ಲು ನಮ್ಮ ರಾಜ್ಯದಲ್ಲೇ ಇದೆ. ಆದರೂ 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಒಂದು ದಿನದೊಳಗೆ 24 ರೋಗಿಗಳು ತೀರಿಕೊಂಡರು. ಸಿಲಿಂಡರುಗಳು ಮೈಸೂರಿನಿಂದ ಬರಬೇಕಿತ್ತು.

ಆಮೇಲೆ ಅನೇಕ ಆಸ್ಪತ್ರೆಗಳ ಅಂಗಳದಲ್ಲೇ ಆಮ್ಲಜನಕ ಘಟಕಗಳು ಬಂದವು. ಅವುಗಳೊಳಗಿನ ಜಿಯೋಲೈಟ್ ಹರಳುಗಳು ಗಾಳಿಯ ಸಾರಜನಕವನ್ನು ಹಿಡಿದಿಟ್ಟು, ಶೇಕಡಾ 93ರಷ್ಟು ಶುದ್ಧ ಆಮ್ಲಜನಕವನ್ನು ಹೊರಬಿಡುತ್ತವೆ. ಟ್ಯಾಂಕರ್ ಕಾಯುವ ಗೊಡವೆಯಿಲ್ಲ. ಆದರೆ ಕರೆಂಟು ಬೇಕು, ನಡೆಸಬಲ್ಲ ಕೈ ಬೇಕು. ತೇವ ತಗುಲಿದರೆ ಹರಳು ಕೆಡುತ್ತದೆ. ಸಾಂಕ್ರಾಮಿಕ ಹೋಯಿತೆಂದು ಬೀಗ ಹಾಕಿಟ್ಟ ಯಂತ್ರ, ಮತ್ತೆ ಬಂದಾಗ ಕೈಕೊಡದೆ ಇದ್ದೀತೆ?

ಇಷ್ಟನ್ನೂ ತರಗತಿಯಲ್ಲಿ ವಿವರಿಸಿದೆ. ಹುಡುಗಿ ಸುಮ್ಮನಾಗಲಿಲ್ಲ.

‘ನಮ್ಮೂರ ಆಸ್ಪತ್ರೆಯ ಯಂತ್ರ ಈಗ ನಡೀತಿದೆಯಾ ಸಾರ್?’

ನನಗೆ ಗೊತ್ತಿರಲಿಲ್ಲ. ಈ ಶನಿವಾರ ಶಾಲೆ ಬಿಟ್ಟ ಮೇಲೆ ಹೋಗಿ ಕೇಳಿ ಬರುತ್ತೇನೆ. ನಿಮ್ಮೂರಿನದನ್ನು ನೀವೂ ಒಮ್ಮೆ ವಿಚಾರಿಸಿ.