ಪೇಟೆಂಟು ಅನ್ನೋದೂ ಬೆಲೆಯ ಪ್ರಶ್ನೆಯೇ



ಬೆಲೆ ಅಂದ ಕೂಡಲೇ ನಮಗೆ ನೆನಪಾಗುವುದು ಮಂಡಿ, ದಲ್ಲಾಳಿ, ತೂಕದ ಮೋಸ. ಅದು ನಾವು ಮಾರುವಾಗಿನ ಬೆಲೆ. ನಾವು ಕೊಳ್ಳುವಾಗಿನ ಬೆಲೆಯನ್ನು ಯಾರು ಕಟ್ಟುತ್ತಾರೆ, ಅದರೊಳಗೆ ಏನೇನು ಸೇರಿದೆ ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಹತ್ತಿ ಬೆಳೆಯುವವರು ಬೋಲ್‌ಗಾರ್ಡ್-2 ಬೀಜದ 450 ಗ್ರಾಂ ಪೊಟ್ಟಣವನ್ನು ನೆನಪು ಮಾಡಿಕೊಳ್ಳಿ. ಅದರ ಬೆಲೆಯಲ್ಲಿ ಸುಮಾರು 163 ರೂಪಾಯಿ ಬೀಜದ್ದಲ್ಲ. ಕಾಯಿಕೊರಕ ತಡೆಯುವ ಗುಣ ಸೇರಿಸಿದ ತಂತ್ರಜ್ಞಾನದ ಕಂಪನಿಗೆ ಹೋಗುತ್ತಿದ್ದ ಶುಲ್ಕ. 2016ರಲ್ಲಿ ಕೇಂದ್ರ ಸರ್ಕಾರ ಪೊಟ್ಟಣಕ್ಕೆ 800 ರೂಪಾಯಿ ಮಿತಿ ಹಾಕಿ, ಆ ಶುಲ್ಕವನ್ನು 49 ರೂಪಾಯಿಗೆ ಇಳಿಸಿತು. 2020ರಲ್ಲಿ ಪೂರ್ತಿ ತೆಗೆಯಿತು. ಆ ಶುಲ್ಕದ ಬೆನ್ನಿಗೆ ನಿಂತಿದ್ದು ಒಂದು ಪೇಟೆಂಟು. ಸಾಲ ಮಾಡಿ ಬೀಜ ತಂದವನ ಸಾಲದಲ್ಲಿ ಅದೂ ಒಂದು ಪಾಲಾಗಿತ್ತು.

ಹಾಗಾದರೆ ಪೇಟೆಂಟು ಅಂದರೇನು? ಹೊಸದೊಂದನ್ನು ಕಂಡುಹಿಡಿದವನಿಗೆ ಸರ್ಕಾರ ಕೊಡುವ ಹಕ್ಕುಪತ್ರ. ಅರ್ಜಿ ಹಾಕಿದ ದಿನದಿಂದ 20 ವರ್ಷ, ಅವನ ಒಪ್ಪಿಗೆಯಿಲ್ಲದೆ ಬೇರೆಯವರು ಅದನ್ನು ಮಾಡುವಂತಿಲ್ಲ, ಮಾರುವಂತಿಲ್ಲ. ಬದಲಿಗೆ ಅವನು ತನ್ನ ಗುಟ್ಟನ್ನು ಪೂರ್ತಿ ಬರೆದುಕೊಡಬೇಕು. ಅವಧಿ ಮುಗಿದ ಮೇಲೆ ಅದು ಎಲ್ಲರ ಸೊತ್ತು. ವಸ್ತು ಹೊಸದಾಗಿರಬೇಕು, ಆ ಕಸುಬು ಬಲ್ಲವನಿಗೂ ಸುಲಭಕ್ಕೆ ಹೊಳೆಯದಂಥದ್ದಾಗಿರಬೇಕು, ತಯಾರಿಸಿ ಬಳಸಲು ಬರುವಂತಿರಬೇಕು.

ನಮ್ಮ 1970ರ ಪೇಟೆಂಟ್ ಕಾಯಿದೆಯಲ್ಲಿ ರೈತನಿಗೆ ಬೇಕಾದ ಬೇಲಿಗಳೂ ಇವೆ. ಬೇಸಾಯದ ಪದ್ಧತಿಗೆ ಪೇಟೆಂಟಿಲ್ಲ. ಗಿಡ, ಪ್ರಾಣಿ, ಬೀಜ, ತಳಿ ಇವಕ್ಕೂ ಇಲ್ಲ. ಹಿರಿಯರಿಂದ ಬಂದ ತಿಳಿವಳಿಕೆಗೂ ಇಲ್ಲ. ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮ ಅಜ್ಜಿಯರಿಗೆಲ್ಲ ಗೊತ್ತು. ಅದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟು ಕೊಟ್ಟಿದ್ದರು! ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಬರಹಗಳನ್ನು ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಬಾಯಿಮಾತಿನಿಂದ ಅದು ಆಗಲಿಲ್ಲ, ಕಾಗದದಿಂದ ಆಯಿತು.

ಇನ್ನು ನಿಮ್ಮ ಮಾತಿಗೆ ಬರೋಣ. ಪೇಟೆಂಟು ಕಂಪನಿಯವರಿಗೆ ಮಾತ್ರ ಅಂತ ತಿಳಿಯಬೇಡಿ. ಕೂರಿಗೆ, ಕಳೆ ತೆಗೆಯುವ ಸಾಧನ, ಅಡಿಕೆ ಸುಲಿಯುವ ಯಂತ್ರ, ಇವುಗಳಲ್ಲಿ ನಿಜವಾದ ಹೊಸತು ಇದ್ದರೆ ಪೇಟೆಂಟು ಸಿಗಬಹುದು. ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆಬೀಜ ಬೇರ್ಪಡಿಸುವ ಯಂತ್ರ, ಬಿತ್ತನೆ ಕೂರಿಗೆ ಮೊದಲಾದವನ್ನು ಮಾಡಿ 2022ರಲ್ಲಿ ಪದ್ಮಶ್ರೀ ಪಡೆದದ್ದನ್ನು ನೋಡಿದ್ದೀರಿ. ಬುದ್ಧಿ ಪಟ್ಟಣದವರ ಗುತ್ತಿಗೆಯಲ್ಲ.

ಮೊದಲನೇ ಮಾತು: ಅರ್ಜಿ ಹಾಕುವ ತನಕ ಬಾಯಿ ಬಿಡಬೇಡಿ. ಜಾತ್ರೆಯಲ್ಲಿ, ಮೇಳದಲ್ಲಿ, ಪತ್ರಿಕೆಯಲ್ಲಿ ತೋರಿಸಿಬಿಟ್ಟರೆ ಅದು ‘ಹೊಸದು’ ಅನ್ನಿಸಿಕೊಳ್ಳುವುದು ಕಷ್ಟ. ವೆಲ್ಡಿಂಗ್ ಅಂಗಡಿಯವನಿಗೆ ತೋರಿಸಲೇಬೇಕಾದರೆ ಗುಟ್ಟು ಕಾಯುತ್ತೇನೆಂದು ಬರೆಸಿಕೊಳ್ಳಿ. ಎರಡನೆಯದು: ಇಂಥದ್ದಕ್ಕೆ ಮೊದಲೇ ಯಾರಾದರೂ ಪೇಟೆಂಟು ಪಡೆದಿದ್ದಾರೆಯೇ ಅಂತ ಹುಡುಕಿಸಿ. ಪೇಟೆಂಟ್ ಕಚೇರಿಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು.

ಆಮೇಲೆ ಅರ್ಜಿ. ಕರ್ನಾಟಕದವರಿಗೆ ಚೆನ್ನೈ ಪೇಟೆಂಟ್ ಕಚೇರಿ. ಕಂಪ್ಯೂಟರಿನಲ್ಲೂ ಹಾಕಬಹುದು. ಹೀಗೆ ಹಾಕಿದರೆ ವ್ಯಕ್ತಿಗೆ ಶುಲ್ಕ 1,600 ರೂಪಾಯಿ. ಯಂತ್ರ ಇನ್ನೂ ಪೂರ್ತಿ ಆಗಿಲ್ಲವೆ? ತಾತ್ಕಾಲಿಕ ವಿವರಣೆ ಕೊಟ್ಟು ದಿನಾಂಕ ಹಿಡಿದಿಟ್ಟುಕೊಳ್ಳಿ. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಲೇಬೇಕು, ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಸಾಮಾನ್ಯವಾಗಿ 18 ತಿಂಗಳಾದ ಮೇಲೆ ಅರ್ಜಿ ಪ್ರಕಟವಾಗುತ್ತದೆ. ಪರೀಕ್ಷೆ ಮಾಡಿ ಅಂತ ನೀವೇ ಬೇರೆ ಅರ್ಜಿ ಕೊಡಬೇಕು. 2024ರ ನಿಯಮದಂತೆ 31 ತಿಂಗಳೊಳಗೆ, ಶುಲ್ಕ 4,000 ರೂಪಾಯಿ. ಕಚೇರಿ ಎತ್ತಿದ ಆಕ್ಷೇಪಣೆಗಳಿಗೆ ಉತ್ತರ ಕೊಟ್ಟು ಗೆದ್ದರೆ ಪೇಟೆಂಟು. ಮೂರನೇ ವರ್ಷದಿಂದ ಅದನ್ನು ಉಳಿಸಿಕೊಳ್ಳಲು ವರ್ಷವರ್ಷ ಶುಲ್ಕ ಕಟ್ಟಬೇಕು.

ಇಲ್ಲೇ ಒಂದು ಎಚ್ಚರ. ಸರ್ಕಾರದ ಶುಲ್ಕ ದೊಡ್ಡದಲ್ಲ. ಬರೆದುಕೊಡುವ ಏಜೆಂಟರ ಫೀಜು ಅದಕ್ಕಿಂತ ಎಷ್ಟೋ ಹೆಚ್ಚಾಗಬಹುದು. ಪೇಟೆಂಟು ಕೈಗೆ ಬಂದ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ಯಂತ್ರ ಮಾರಾಟವಾಗಬೇಕು, ಕದ್ದವನ ಮೇಲೆ ಕೋರ್ಟಿಗೆ ಹೋಗುವ ಶಕ್ತಿಯೂ ಬೇಕು. ಆದ್ದರಿಂದ ಹೊಲ ಅಡವಿಟ್ಟು, ಕೈಸಾಲ ಮಾಡಿ ಪೇಟೆಂಟಿನ ಬೆನ್ನು ಹತ್ತಬೇಡಿ. ರೈತರ, ಕುಶಲಕರ್ಮಿಗಳ ಶೋಧಗಳಿಗೆ ನೆರವಾಗಲೆಂದೇ ಗುಜರಾತಿನಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನವಿದೆ. ಆರಿಸಿಕೊಂಡ ಶೋಧಗಳಿಗೆ ಅದೇ ಪೇಟೆಂಟ್ ಅರ್ಜಿ ಹಾಕಿಸುತ್ತದೆ. ಮೊದಲು ಅಲ್ಲಿಗೆ ಬರೆಯಿರಿ. ಹಾಗೆಯೇ, ‘ಪೇಟೆಂಟಿಗೆ ಅರ್ಜಿ ಹಾಕಿದೆ’ ಅಂತ ಬೋರ್ಡು ತೋರಿಸಿ ಹೆಚ್ಚು ಬೆಲೆ ಕೇಳುವವನ ಹತ್ತಿರ ನಂಬರು ಕೇಳಿ. ಅರ್ಜಿ ಬೇರೆ, ಪೇಟೆಂಟು ಬೇರೆ.

ಬೀಜದ ಕಾನೂನೇ ಬೇರೆ: 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ. ನೋಂದಾಯಿತ ತಳಿಯ ಬೀಜವನ್ನೂ ರೈತ ಎತ್ತಿಡಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಬಹುದು. ಬ್ರ್ಯಾಂಡಿನ ಹೆಸರು ಹಾಕಿ ಮಾತ್ರ ಮಾರುವಂತಿಲ್ಲ. ಇದು 39ನೇ ಕಲಮು. 2019ರಲ್ಲಿ ಪೆಪ್ಸಿಕೋ ಕಂಪನಿ ತನ್ನ ಆಲೂಗಡ್ಡೆ ತಳಿ ಬೆಳೆದರೆಂದು ಗುಜರಾತಿನ ರೈತರ ಮೇಲೆ ದಾವೆ ಹೂಡಿ, ತಲಾ ಒಂದು ಕೋಟಿ ರೂಪಾಯಿಗೂ ಮೀರಿ ಪರಿಹಾರ ಕೇಳಿತು. ರೈತರು ಈ ಕಲಮನ್ನೇ ಹಿಡಿದು ನಿಂತರು, ದೇಶವೆಲ್ಲ ಗದ್ದಲವಾಯಿತು. ಕಂಪನಿ ಅದೇ ವರ್ಷ ಮೇ ತಿಂಗಳಲ್ಲಿ ದಾವೆ ಹಿಂತೆಗೆಯಿತು. ಕಾನೂನು ಗೊತ್ತಿಲ್ಲದ ರೈತ ನೋಟೀಸು ಬಂದ ದಿನವೇ ಹೆದರಿ ಕೈಮುಗಿದುಬಿಡುತ್ತಿದ್ದ.

ನಿಮ್ಮ ಮನೆಯಲ್ಲೂ ಅಪ್ಪನ ಕಾಲದಿಂದ ಉಳಿಸಿಕೊಂಡ ರಾಗಿಯೋ, ಭತ್ತವೋ, ಅವರೆಯೋ ಇದ್ದರೆ ಅದನ್ನು ರೈತರ ತಳಿಯೆಂದು ಈ ಕಾಯಿದೆಯಲ್ಲೇ ನೋಂದಾಯಿಸಬಹುದು. ರೈತನಿಗೆ ಅರ್ಜಿ ಶುಲ್ಕವಿಲ್ಲ. ಜಿಲ್ಲಾ ಕೃಷಿ ಅಧಿಕಾರಿಯನ್ನೋ ಕೃಷಿ ವಿಶ್ವವಿದ್ಯಾಲಯವನ್ನೋ ಹಿಡಿದು ಅರ್ಜಿಗೆ ದೃಢೀಕರಣ ಮಾಡಿಸಿ. ಒಬ್ಬನ ಹೆಸರಲ್ಲೇ ಆಗಬೇಕೆಂದಿಲ್ಲ, ಊರಿನವರು ಸೇರಿಯೂ ಮಾಡಿಸಬಹುದು.

ಸಾಲದ ಪತ್ರಕ್ಕೆ ಓದದೆ ಹೆಬ್ಬೆಟ್ಟು ಒತ್ತಿ ನಮ್ಮ ಹಿರಿಯರು ಜಮೀನು ಕಳೆದುಕೊಂಡರು. ಈ ಹೊಸ ಪತ್ರಗಳನ್ನಾದರೂ ಓದಿ ತಿಳಿಯೋಣ. ಮುಂದಿನ ಸಭೆಯಲ್ಲಿ ನಿಮ್ಮ ಊರಿನ ತಳಿಗಳ ಪಟ್ಟಿ ಮಾಡಿ. 39ನೇ ಕಲಮನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿಸಿ.