ಕಿವಿಗೆ ಬೀಳದ ಇಂಗ್ಲಿಷ್

ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿನತ್ತ ಸಾಗುವಾಗ ಹೆದ್ದಾರಿಯ ಬದಿಯಲ್ಲೇ ಸಿಗುವ ಪೇಟೆ ನೆಲ್ಯಾಡಿ. ಇಲ್ಲಿಯ ಮಕ್ಕಳ ಮನೆಮಾತು ತುಳು, ಮಲಯಾಳ, ಬ್ಯಾರಿ, ಕನ್ನಡ ಹೀಗೆ ಹಲವು. ಅಕ್ಷರ ತಿದ್ದುವ ಮೊದಲೇ ಎರಡು ಮೂರು ಭಾಷೆಗಳು ಅವರಿಗೆ ಕಿವಿಯ ಮೂಲಕ ಒಲಿದಿರುತ್ತವೆ. ಗ್ರಾಂಥಿಕ ಕನ್ನಡದ ಕಥೆಯೂ ಅಷ್ಟೆ. ವ್ಯಾಕರಣ ಪುಸ್ತಕ ತೆರೆಯದ ಈ ಸೀಮೆಯ ಎಷ್ಟೋ ಹಿರಿಯರು ಅದನ್ನು ಕಲಿತದ್ದು ತಾಳಮದ್ದಳೆಯ ಅರ್ಥಗಾರಿಕೆ ಕೇಳಿ. ಇಂಥ ನೆಲದಲ್ಲಿ ಇಂಗ್ಲಿಷನ್ನು ಮಾತ್ರ ಕಣ್ಣಿನಿಂದ ಕಲಿಸುತ್ತಿರುವುದು ವಿಚಿತ್ರವಲ್ಲವೇ?

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೆ ಇಂಗ್ಲಿಷ್ ಬಂದದ್ದು 2007ರಲ್ಲಿ. ಹತ್ತು ವರ್ಷ ಕಲಿತು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದವರೂ ಇಂಗ್ಲಿಷಿನ ಒಂದು ಫೋನ್ ಕರೆಗೆ ತಡವರಿಸುವುದುಂಟು. ನರ್ಸಿಂಗ್ ಓದಿ ವಿದೇಶಕ್ಕೆ ಹೊರಡುವವರಿಗೆ ಈ ಕೊರತೆ ಅರಿವಾಗುವುದು ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ. ಅಲ್ಲಿ ಆಲಿಸುವಿಕೆಗೇ ಪ್ರತ್ಯೇಕವಾಗಿ 40 ಪ್ರಶ್ನೆಗಳು; ಧ್ವನಿಮುದ್ರಣ ಕೇಳಿಸುವುದು ಒಂದೇ ಸಲ. ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ ಎನ್ನುವಂತಿಲ್ಲ.

ಪಾಡ್‌ಕಾಸ್ಟ್ ನೆರವಿಗೆ ಬರುವುದು ಇಲ್ಲಿ. ಆಕಾಶವಾಣಿಯ ‘ಕೇಳಿ ಕಲಿ’ ಕಾರ್ಯಕ್ರಮಕ್ಕೆ ನಿಗದಿತ ಹೊತ್ತಿಗೆ ರೇಡಿಯೊ ಮುಂದೆ ಕೂರಬೇಕಿತ್ತು, ತಪ್ಪಿದರೆ ತಪ್ಪಿತು. ಪಾಡ್‌ಕಾಸ್ಟಿಗೆ ಆ ಕಟ್ಟುಪಾಡಿಲ್ಲ. ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಉಚಿತವಾಗಿ ಸಿಗುತ್ತದೆ. ಪೇಟೆಯಲ್ಲಿ ಸಿಗ್ನಲ್ ಇರುವಾಗ ಇಳಿಸಿಕೊಂಡರೆ ಕಾಡಂಚಿನ ಮನೆಯಲ್ಲೂ ಕೇಳಬಹುದು. ಬಿಬಿಸಿಯ ಉಚ್ಚಾರವೇ ಆದರ್ಶವೆಂದು ನಾನು ಹೇಳುತ್ತಿಲ್ಲ. ನಮ್ಮ ಮಕ್ಕಳಿಗೆ ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಇನ್ನೂ ಹತ್ತಿರದ್ದು.

ಆದರೆ ಕೇಳುವುದಕ್ಕೂ ಕ್ರಮವೊಂದಿದೆ. ಸುಮ್ಮನೆ ಹಚ್ಚಿಟ್ಟರೆ ಅದು ಮದುವೆ ಮನೆಯ ಧ್ವನಿವರ್ಧಕದಂತೆ. ಎರಡು ನಿಮಿಷದ ತುಣುಕೊಂದನ್ನು ಮೊದಲು ಪಠ್ಯ ನೋಡದೆ ಕೇಳಬೇಕು, ಬಳಿಕ ಪಠ್ಯ ಹಿಡಿದು ಕೇಳಬೇಕು, ಕೊನೆಗೆ ತಿಳಿದದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು. ಬರಹದಲ್ಲಿ ಬಿಡಿಬಿಡಿಯಾಗಿ ಕಾಣುವ ಪದಗಳು ಮಾತಿನಲ್ಲಿ ಹೇಗೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ ಎಂಬುದು ಆಗಲೇ ಕಿವಿಗೆ ತಿಳಿಯುವುದು. ಕನ್ನಡದ ಸಂಧಿ ಬಲ್ಲವರಿಗೆ ಇದು ಹೊಸದೇನಲ್ಲ.

ಶಿಕ್ಷಕರನ್ನು ದೂರುವುದು ಸುಲಭ. ಅಂಕವಿಲ್ಲದ ಕಲಿಕೆಗೆ ಅವರು ಪೀರಿಯಡ್ ಎಲ್ಲಿಂದ ತರಬೇಕು? ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷಿನಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ. ಅದರಲ್ಲಿ ಐದನ್ನು ಆಲಿಸುವಿಕೆಗೇ ಮೀಸಲಿಡಲಿ. ಅದಕ್ಕೆ ಭಾಷಾ ಪ್ರಯೋಗಾಲಯ ಬೇಕಿಲ್ಲ. ಒಂದು ಮೊಬೈಲು, ಒಂದು ಸ್ಪೀಕರ್ ಸಾಕು.