ಮೂರು ಗಿಡ್ಡ ಉಳಿಗಳು

ಮನೆಯ ಬಾಗಿಲು ಸದ್ದಿಲ್ಲದೆ ತೆರೆದು ಸದ್ದಿಲ್ಲದೆ ಮುಚ್ಚುತ್ತಿರುವವರೆಗೂ ಅದಕ್ಕೆ ಬಿಜಾಗರಿ ಎಂಬುದೊಂದು ಇದೆಯೆಂದು ಗೃಹಸ್ಥನಿಗೆ ನೆನಪಾಗುವುದಿಲ್ಲ. ಅದು ನೆನಪಾಗುವುದು ಕದವು ಹೊಸ್ತಿಲಿಗೆ ತಗುಲಿ ಕಿರುಗುಟ್ಟಿದ ದಿನ. ಬಡಿಗನ ನೆನಪೂ ಅಂದೇ ಬರುತ್ತದೆ.

ಹಾವೇರಿಯ ಒಂದು ಮನೆಯಲ್ಲಿ ಈ ನೆನಪು ನಡುಮಳೆಗಾಲದಲ್ಲಿ ಬಂದಿತು. ಮನೆಯ ಯಜಮಾನರು ಬ್ಯಾಂಕಿನಲ್ಲಿ ಗುಮಾಸ್ತರು. ಪತ್ನಿ ಶಾಲೆಯಲ್ಲಿ ಉಪಾಧ್ಯಾಯಿನಿ. ಒಬ್ಬಳೇ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುವವಳು. ತಲೆಬಾಗಿಲ ಮೇಲಿನ ಬಿಜಾಗರಿ ಕುಳಿತಿದ್ದ ಜಾಗದಲ್ಲಿ ಮರ ಸವೆದು, ತಿರುಪುಮೊಳೆಗಳು ಹಿಡಿತ ಬಿಟ್ಟು, ಕದವು ಒಂದು ಮಗ್ಗುಲಿಗೆ ಜೋತುಬಿದ್ದಿತ್ತು. ಬಡಿಗನಿಗೆ ಹೇಳಿಕಳುಹಿಸಿದರೆ "ನಾಳೆ ಬರ್ತೀನ್ರೀ" ಎಂಬ ಉತ್ತರ ಬರುತ್ತಿತ್ತು. ಆ ನಾಳೆಗೆ ಮೂರು ವಾರ ತುಂಬಿತು. ಇದಕ್ಕಾಗಿ ಬಡಿಗನನ್ನು ದೂರುವುದು ಸಲ್ಲದು. 1997ರಲ್ಲಿ ಹಾವೇರಿ ಜಿಲ್ಲೆಯ ಕೇಂದ್ರವಾದ ಮೇಲೆ ಊರು ಬೆಳೆದಿದೆ. ಹೊಸ ಮನೆಯೊಂದರ ಹತ್ತಾರು ಬಾಗಿಲು ಕಿಟಕಿಗಳನ್ನು ಬಿಟ್ಟು ಹಳೆಯ ಮನೆಯ ಒಂದು ಬಿಜಾಗರಿಗಾಗಿ ಅವನು ಓಡಿಬರಬೇಕೆಂದರೆ ಹೇಗೆ?

"ಅಪ್ಪಾ, ನಾವ ಮಾಡೋಣು ತಗೋ," ಎಂದಳು ಮಗಳು.

"ಬೆರಳು ಕೊಯ್ಕೊಂಡ್ರ?" ಎಂದರು ತಾಯಿ.

ತಾಯಿಯ ಪ್ರಶ್ನೆ ಹಗುರವಾದದ್ದಲ್ಲ. ಉಳಿಯೆಂದರೆ ಚೂಪಾದ ಉಕ್ಕು. ಅದರ ಹಿಂದೆ ಕೊಡತಿಯ ಪೆಟ್ಟು ಇರುತ್ತದೆ, ಮುಂದೆ ಕೆಲವೊಮ್ಮೆ ಎಚ್ಚರ ತಪ್ಪಿದ ಎಡಗೈ ಇರುತ್ತದೆ. ಎಂತಹ ಉಳಿಯನ್ನು ಆರಿಸಬೇಕೆಂಬುದು ಹಣದ ಮಾತಷ್ಟೇ ಅಲ್ಲ, ಬೆರಳುಗಳ ಮಾತೂ ಹೌದು. ಯಜಮಾನರಿಗೆ ಆಗ ಇದು ಹೊಳೆಯಲಿಲ್ಲ. ಭಾನುವಾರ ಹೆಂಡತಿ ಮಗಳೊಡನೆ ರಾಣೇಬೆನ್ನೂರಿಗೆ ಹೋಗಿ, ಕಬ್ಬಿಣ ಸಾಮಾನಿನ ಅಂಗಡಿಯೊಂದನ್ನು ಹೊಕ್ಕರು.

ಅಂಗಡಿಯವನು ಮೊದಲು ತೆಗೆದಿಟ್ಟದ್ದು ಎಣ್ಣೆಕಾಗದದಲ್ಲಿ ಸುತ್ತಿದ ಬಿಡಿ ಉಳಿಗಳನ್ನು. ಒಂದೊಂದರ ಬೆಲೆಯೂ ಹುಬ್ಬೇರಿಸುವಂತಿತ್ತು. ಅನಂತರ ಅವನು ತೆರೆದ ಪೆಟ್ಟಿಗೆಯಲ್ಲಿ ಕೆಂಪು ಪ್ಲಾಸ್ಟಿಕ್ ಹಿಡಿಯ ಹತ್ತು ಉಳಿಗಳು ಮದುವೆಯ ಮನೆಯ ಲೋಟಗಳಂತೆ ಫಳಫಳನೆ ಹೊಳೆಯುತ್ತಿದ್ದವು. ಹತ್ತೂ ಸೇರಿ ಎರಡು ಬಿಡಿ ಉಳಿಗಳ ಬೆಲೆ! ದಿನವೆಲ್ಲ ಲೆಕ್ಕದಲ್ಲಿಯೇ ಕಳೆಯುವ ಮನುಷ್ಯನಿಗೆ ಮತ್ತೆ ಯೋಚಿಸುವುದಕ್ಕೆ ಏನಿದೆ? ಪೆಟ್ಟಿಗೆ ಚೀಲಕ್ಕಿಳಿಯಿತು.

ಹಾವೇರಿಗೂ ರಾಣೇಬೆನ್ನೂರಿಗೂ ನಡುವೆ, ಅದೇ ರೈಲುದಾರಿಯ ಮೇಲೆ, ಬ್ಯಾಡಗಿಯಿದೆ. ಬ್ಯಾಡಗಿಯಲ್ಲಿ ಪತ್ನಿಯ ತವರುಮನೆಯಿದೆ. ಹಿಂದಿರುಗುವಾಗ ಅಲ್ಲಿಳಿಯದೆ ಹೋಗುವುದುಂಟೆ? ತವರಿನ ಹಿಂದಿನ ಓಣಿಯಲ್ಲಿ ವೃದ್ಧ ಬಡಿಗನೊಬ್ಬನಿದ್ದ. ಚಕ್ಕಡಿ, ಕುಂಟೆ, ಕೂರಿಗೆ ಮಾಡುತ್ತಿದ್ದ ಕೈ ಅದು. ಟ್ರ್ಯಾಕ್ಟರುಗಳು ಬಂದು ಚಕ್ಕಡಿ ಮೂಲೆಗೆ ಸೇರಿದ ಮೇಲೆ ಬಾಗಿಲು ಕಿಟಕಿ ಮಾಡಿದ. ಕಣ್ಣು ಮಂಜಾದ ಮೇಲೆ ಅದನ್ನೂ ಬಿಟ್ಟ. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಮೆಣಸಿನಕಾಯಿ ಪೇಟೆಯಲ್ಲಿ ಸರಕಿನ ಗಾಡಿ ಓಡಿಸುತ್ತಾನೆ, ಇನ್ನೊಬ್ಬ ಬೆಂಗಳೂರಿನಲ್ಲಿದ್ದಾನೆ. ಉಳಿ ಹಿಡಿದವರು ಯಾರೂ ಇಲ್ಲ.

"ಅಜ್ಜಾ, ನಮ್ಮವರು ಉಳಿ ತಂದಾರ, ಒಂದೀಟು ನೋಡು," ಎಂದು ಪತ್ನಿ ಪೆಟ್ಟಿಗೆಯನ್ನು ಮುಂದಿಟ್ಟರು. ಮುದುಕ ಅರ್ಧ ಅಂಗುಲದ ಉಳಿಯೊಂದನ್ನು ತೆಗೆದು, ಅದರ ಬಾಯಿಗೆ ಹಳೆಯ ಅರವೊಂದನ್ನು ಮೆಲ್ಲಗೆ ಎಳೆದ. ಅರ ಕಚ್ಚಿತು, ಉಕ್ಕಿನ ಪುಡಿ ಉದುರಿತು. ಬಳಿಕ ಜಾಲಿಯ ತುಂಡಿನ ಮೇಲೆ ಅದನ್ನು ನಿಲ್ಲಿಸಿ ಕೊಡತಿಯಿಂದ ನಾಲ್ಕು ಪೆಟ್ಟು ಹಾಕಿದ. ಉಳಿಯ ಬಾಯಿ ಒಣಗಿದ ಎಲೆಯ ಅಂಚಿನಂತೆ ಮಡಚಿಕೊಂಡಿತು.

"ಹತ್ತ ಅದಾವ, ಅಳಿಯಂದ್ರ," ಎಂದ ಮುದುಕ, "ಉಳಿ ಒಂದೂ ಇಲ್ಲ."

ಯಜಮಾನರ ಮುಖ ಬಾಡಿತು. ಆದರೆ ಆ ಸಂಜೆ ಅವರು ಕಲಿತದ್ದು ಆ ಪೆಟ್ಟಿಗೆಯ ಬೆಲೆಗಿಂತ ಹೆಚ್ಚಿನದು. ಅದನ್ನು ಓದುಗರ ಮುಂದೆ ಕ್ರಮವಾಗಿ ಇಡುವುದು ಉಚಿತ.

ಮೊದಲನೆಯದು ಉದ್ದ. ಸಾಮಾನ್ಯ ಉಳಿಯ ಅಲಗು ನಾಲ್ಕೈದು ಅಂಗುಲವಿದ್ದರೆ ಗಿಡ್ಡ ಉಳಿಯದು ಎರಡೂವರೆಯಿಂದ ಮೂರು ಅಂಗುಲ. ಕಾವು ಸೇರಿ ಏಳೆಂಟು ಅಂಗುಲ. ಬಿಜಾಗರಿಯ ತಗ್ಗು, ಬೀಗದ ಮನೆ, ಪೆಟ್ಟಿಗೆಯ ಒಳಮೂಲೆ, ನಿಂತ ಚೌಕಟ್ಟು, ಇಂತಹ ಇಕ್ಕಟ್ಟಿನ ಜಾಗಗಳಿಗೆ ಅದು ಹೇಳಿಮಾಡಿಸಿದಂತಿದೆ. ಹಿಡಿದ ಕೈ ಮೊನೆಗೆ ಹತ್ತಿರವಿರುವುದರಿಂದ ಹಿಡಿತ ಹೆಚ್ಚು, ತಪ್ಪುವುದು ಕಡಿಮೆ. ಹೊಸಬರಿಗೆ ಇದೇ ದೊಡ್ಡ ಲಾಭ. ಆದರೆ ಮಂಚದ ಕಾಲಿಗೆ ಆಳವಾದ ಚೌಕ ತೂತು ಕೊರೆಯುವುದಕ್ಕೆ ಅದು ಸಾಲದು. ಅದಕ್ಕೆ ದಪ್ಪ ಅಲಗಿನ ಉದ್ದ ಉಳಿಯೇ ಬೇಕು. ಬ್ಯಾಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಮೆಣಸಿನಕಾಯಿಯಲ್ಲಿಯೇ ಗಿಡ್ಡಗೆ ಉಬ್ಬಿದ ಡಬ್ಬಿಯೂ ಇದೆ, ಉದ್ದಕ್ಕೆ ತೆಳ್ಳಗಿರುವ ಕಡ್ಡಿಯೂ ಇದೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲವೆಂದು ಯಾರೂ ಜಗಳವಾಡುವುದಿಲ್ಲ.

ಎರಡನೆಯದು ಎಣಿಕೆ. ಮನೆಗೆಲಸಕ್ಕೆ ಹತ್ತು ಉಳಿ ಬೇಕಾಗಿಲ್ಲ, ಮೂರು ಸಾಕು. 25 ಮಿಲಿಮೀಟರು, ಎಂದರೆ ಒಂದು ಅಂಗುಲದ್ದು, ಬಿಜಾಗರಿಯ ತಗ್ಗಿನ ತಳವನ್ನು ಸಮ ಮಾಡಲು. 12 ಮಿಲಿಮೀಟರಿನದು ಸಾಮಾನ್ಯ ಕೆಲಸಕ್ಕೆ. 6 ಮಿಲಿಮೀಟರಿನದು ಮೂಲೆಗಳಿಗೆ. ನಾಲ್ಕನೆಯದು ಬೇಕೆನಿಸಿದಾಗ 18 ಮಿಲಿಮೀಟರಿನದನ್ನು ಕೊಂಡರಾಯಿತು. ಅಲಗಿನ ಎರಡು ಪಕ್ಕೆಗಳೂ ಇಳಿಜಾರಾಗಿದ್ದರೆ ಮೂಲೆಗಳಲ್ಲಿ ಸಲೀಸಾಗಿ ಹೊಗುತ್ತದೆ; ಪಕ್ಕೆ ನೆಟ್ಟಗಿದ್ದರೆ ಪೆಟ್ಟು ಹೆಚ್ಚು ತಡೆಯುತ್ತದೆ.

ಮೂರನೆಯದು ಉಕ್ಕು. ನಮ್ಮ 'ಉಕ್ಕು' ಎಂಬ ಮಾತೇ 'ವೂಟ್ಸ್' ಎಂಬ ರೂಪ ತಾಳಿ ಯುರೋಪಿಗೆ ಹೋಯಿತೆಂಬುದು ವಿದ್ವಾಂಸರಲ್ಲಿ ಪ್ರಚಲಿತವಾದ ಅಭಿಪ್ರಾಯ. 1794ರಲ್ಲಿ ಮುಂಬಯಿಯ ವೈದ್ಯ ಹೆಲಿನಸ್ ಸ್ಕಾಟ್ ಇದರ ಮಾದರಿಯನ್ನು ಲಂಡನ್ನಿನ ಜೋಸೆಫ್ ಬ್ಯಾಂಕ್ಸ್ ಅವರಿಗೆ ಕಳುಹಿಸಿದರು; ಮುಂದೆ ಮೈಕೆಲ್ ಫ್ಯಾರಡೆಯಂತಹವರೂ ಇದರ ಗುಟ್ಟನ್ನು ಅರಸಿದರು. ಅಂತಹ ಮಾತಿನ ಒಡೆಯರಾದ ನಾವು ಅಂಗಡಿಯಲ್ಲಿ ಹೊಳಪನ್ನೇ ಉಕ್ಕೆಂದು ಭ್ರಮಿಸುವುದು ವಿಚಿತ್ರ. ಹೊಳಪು ಮೇಲಿನ ಲೇಪ, ಗುಣವಿರುವುದು ಹದದಲ್ಲಿ. ಉಕ್ಕನ್ನು ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಹಾಗೆಯೇ ಸಿಡಿಯುವ ಸ್ವಭಾವವನ್ನೂ ಪಡೆಯುತ್ತದೆ. ಆದುದರಿಂದ ಕಮ್ಮಾರನು ಅದನ್ನು ಮತ್ತೆ ಮೆಲ್ಲಗೆ ಕಾಯಿಸುತ್ತಾನೆ. ಉಜ್ಜಿ ಬೆಳ್ಳಗಾದ ಉಕ್ಕಿನ ಮೇಲೆ ಒಣಹುಲ್ಲಿನ ಹಳದಿ ಬಣ್ಣ ಮೂಡಿದಾಗ ಶಾಖ ಸುಮಾರು 230 ಡಿಗ್ರಿ ಸೆಂಟಿಗ್ರೇಡು. ಉಳಿಗೆ ಹದ ಅಲ್ಲಿದೆ. ನೀಲಿ ಬಣ್ಣ ಬಂದರೆ 300 ಡಿಗ್ರಿಗೆ ಸಮೀಪ. ಉಳಿಯ ಬಾಯಿಗೆ ಅದು ಮೆತ್ತಗಾಯಿತು. ವಿದ್ಯುತ್ತಿನ ಸಾಣೆಚಕ್ರಕ್ಕೆ ಉಳಿ ಕೊಡುವವರು ಇದನ್ನು ಮರೆಯಬಾರದು. ಕ್ಷಣಕ್ಷಣಕ್ಕೂ ನೀರಿನಲ್ಲಿ ಅದ್ದದಿದ್ದರೆ ಅಂಚು ನೀಲಿಗಟ್ಟಿ, ಒಳ್ಳೆಯ ಉಳಿಯೂ ಕೆಡುತ್ತದೆ. ಅರ ಜಾರಿದರೆ ಉಕ್ಕು ಗಟ್ಟಿ, ಕಚ್ಚಿದರೆ ಮೆತು. ಮುದುಕನ ಪರೀಕ್ಷೆಯ ಅರ್ಥವಿಷ್ಟೆ.

ನಾಲ್ಕನೆಯದು ಬೆನ್ನು. ಉಳಿಯ ಚಪ್ಪಟೆ ಬೆನ್ನಿಗೆ ಉಕ್ಕಿನ ಅಳತೆಪಟ್ಟಿಯನ್ನು ಅಡ್ಡವಿಟ್ಟು ಬೆಳಕಿನೆದುರು ಹಿಡಿದು ನೋಡಬೇಕು. ನಡುವೆ ಬೆಳಕು ಹೆಚ್ಚಾಗಿ ಇಣುಕಿದರೆ ಅದನ್ನು ಕೆಳಗಿಡುವುದು ಮೇಲು. ಬೆನ್ನು ಸಮವಿಲ್ಲದ ಉಳಿಯಿಂದ ತಗ್ಗಿನ ತಳ ಎಂದಿಗೂ ಸಮವಾಗದು. ಐದನೆಯದು ಕಾವು. ಅದು ಉರುಳದಂತೆ ಮೂಲೆಗಳುಳ್ಳದ್ದಾಗಿರಬೇಕು, ಅಲಗಿನ ನೇರಕ್ಕೆ ಕುಳಿತಿರಬೇಕು, ಕೊಳ್ಳುವವನ ಅಂಗೈಗೆ ಒಪ್ಪಬೇಕು. ಮರದ ಕಾವಿಗೆ ಮರದ ಕೊಡತಿಯೇ ಜೊತೆ. ಕಬ್ಬಿಣದ ಸುತ್ತಿಗೆ ಅದನ್ನು ಸೀಳುತ್ತದೆ.

ಇಷ್ಟನ್ನೂ ಹೇಳಿ ಮುಗಿಸಿದ ಮುದುಕ ಒಳಗಿನಿಂದ ಮರದ ಪೆಟ್ಟಿಗೆಯೊಂದನ್ನು ತರಿಸಿದ. ಎಣ್ಣೆಬಟ್ಟೆ ಬಿಚ್ಚಿದಾಗ ಹೊರಬಂದದ್ದು ಮೂರು ಅಂಗುಲ ಅಲಗಿನ ಕಪ್ಪು ಉಳಿ. ಅದನ್ನು ಹುಡುಗಿಯ ಕೈಗಿಟ್ಟು ಹೇಳಿದ: "ಇದು ಗಿಡ್ಡ ಹುಟ್ಟಿದ್ದಲ್ಲ, ಯವ್ವಾ. ಲಾರಿ ಸ್ಪ್ರಿಂಗಿನ ಪಟ್ಟಿಯೊಳಗ ನಮ್ಮ ಕಮ್ಮಾರ ಮಾಡಿಕೊಟ್ಟಾಗ ಅಲಗು ಚೋಟುದ್ದ ಇತ್ತು. ನಲವತ್ತು ವರ್ಷ ಸಾಣಿ ಹಿಡದು ಹಿಡದು ಇಷ್ಟಾತು. ನಡುವ ಎರಡು ಸಲ ಮತ್ತ ಹದ ಹಾಕಿಸೇನಿ."

ಹುಡುಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಳೆದುಹೋಗಿದ್ದ ಆ ಮೂರು ಅಂಗುಲದ ಉಕ್ಕಿನಲ್ಲಿ ಎಷ್ಟು ಚಕ್ಕಡಿಗಳು, ಎಷ್ಟು ಕೂರಿಗೆಗಳು, ಎಷ್ಟು ಮನೆಗಳ ಬಾಗಿಲುಗಳು!

"ಅಜ್ಜಾ, ಇದನ್ನ ನಮಗ ಕೊಡ್ತೀಯೇನು? ಬೆಲೆ ಕೊಡ್ತೀವಿ," ಎಂದರು ತಾಯಿ.

"ಉಳಿ ಕೊಡೂದಿಲ್ಲವ್ವಾ," ಎಂದ ಮುದುಕ. "ಸಾಣಿ ಹಿಡಿಯೂದು ಬೇಕಾದ್ರ ಕಲಿಸ್ತೀನಿ. ಅದನ್ನ ಕೇಳಾಕ ನಮ್ಮ ಮನ್ಯಾಗ ಯಾರೂ ಬರವೊಲ್ಲರು."

ಮುಂದಿನ ಎರಡು ಭಾನುವಾರ ತಂದೆ ಮಗಳು ಬ್ಯಾಡಗಿಗೆ ಹೋದರು. ಸಾಣೆಯ ವಿದ್ಯೆ ಕೇಳಲು ಸುಲಭ, ಕೈಗೆ ಬರಲು ನಿಧಾನ. ಉಳಿಯ ಬಾಯಿಯ ಇಳಿಜಾರು 25 ರಿಂದ 30 ಡಿಗ್ರಿಯೊಳಗೆ ಇರಬೇಕು. ಕೋನಮಾಪಕವಿಲ್ಲದವರಿಗೆ ಒಂದು ಸುಲಭ ಲೆಕ್ಕವಿದೆ: ಇಳಿಜಾರಿನ ಉದ್ದ ಅಲಗಿನ ದಪ್ಪದ ಎರಡರಷ್ಟಿದ್ದರೆ ಕೋನ ಸರಿಯಾಗಿ 30 ಡಿಗ್ರಿ. ಮೊದಲು ಬೆನ್ನಿನ ತುದಿಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ತೇಯಬೇಕು; ಅನಂತರ ಇಳಿಜಾರನ್ನು ಒರಟು ಕಲ್ಲಿನ ಮೇಲೆ, ಬಳಿಕ ನುಣುಪು ಕಲ್ಲಿನ ಮೇಲೆ. ಬೆನ್ನಿನ ಕಡೆಗೆ ಬೆರಳಿಗೆ ತಗಲುವಷ್ಟು ಸಣ್ಣ ಸಿಬರು ಎದ್ದಿತೆಂದರೆ ಅಂಚು ಕೂಡಿತೆಂದು ಅರ್ಥ. ಆ ಸಿಬರನ್ನು ಬೆನ್ನು ತೇಯ್ದು ತೆಗೆದು, ಚರ್ಮದ ಪಟ್ಟಿಯ ಮೇಲೆ ನಾಲ್ಕು ಸಲ ಹಿಂದಕ್ಕೆ ಎಳೆದರೆ ಮುಗಿಯಿತು. ಹರಿತವನ್ನು ಹೆಬ್ಬೆರಳಿನ ಮೇಲೆ ಪರೀಕ್ಷಿಸಬಾರದು. ಮೆತುಮರದ ಕಡಿದ ತುದಿಯನ್ನು ಹೆರೆದು ನೋಡಬೇಕು. ಪುಡಿಯಾಗದೆ ನುಣ್ಣಗೆ ಎದ್ದರೆ ಉಳಿ ಸಿದ್ಧ.

ತಾಯಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿಯೇ. ಬೆರಳು ಕೊಯ್ಯುವುದು ಹರಿತವಾದ ಉಳಿಗಿಂತ ಹೆಚ್ಚಾಗಿ ಮೊಂಡು ಉಳಿ. ಹರಿತವಾದದ್ದು ಮೆಲ್ಲನೆ ಒತ್ತಿದರೆ ಹೇಳಿದಲ್ಲಿಗೆ ಹೋಗುತ್ತದೆ. ಮೊಂಡಾದದ್ದಕ್ಕೆ ಮೈಭಾರ ಹಾಕಬೇಕು, ಹಾಕಿದಾಗ ಅದು ತಟ್ಟನೆ ಜಾರುತ್ತದೆ. ಇದರ ಜೊತೆಗೆ ಮುದುಕ ಹುಡುಗಿಗೆ ಒಂದು ನಿಯಮವನ್ನು ನೂರು ಸಲ ಹೇಳಿದ: ಕೆಲಸದ ಮರವನ್ನು ಬಿಗಿದು ಕಟ್ಟು, ಎರಡೂ ಕೈ ಉಳಿಯ ಮೊನೆಯ ಹಿಂದೆಯೇ ಇರಲಿ.

ಓಣಿಯಲ್ಲಿ ಒಬ್ಬಿಬ್ಬರು "ಹೆಣ್ಣುಹುಡುಗಿಗೆ ಬಡಿಗತನ ಯಾಕ?" ಎಂದದ್ದುಂಟು. ಬಡಿಗನ ಬಾಚಿಯನ್ನೇ ಹೆಸರಿನಲ್ಲಿ ಹೊತ್ತ ಬಾಚಿಕಾಯಕದ ಬಸವಯ್ಯ ಹನ್ನೆರಡನೆಯ ಶತಮಾನದ ಶರಣರಲ್ಲೊಬ್ಬನು. ಅವನ ಪತ್ನಿ ಕಾಳವ್ವೆ ಕೂಡ ವಚನಕಾರ್ತಿ. ಕಾಯಕಕ್ಕೆ ಮೇಲುಕೀಳಿಲ್ಲವೆಂದು ಸಾರಿದ ನಾಡಿನಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರ ಬೇಕಾಗಲಾರದು.

ಇನ್ನು ಆ ಪೆಟ್ಟಿಗೆಯ ವಿಷಯ. ರಾಣೇಬೆನ್ನೂರಿನ ಅಂಗಡಿಯವನು ಗೊಣಗುತ್ತ ಒಂಬತ್ತನ್ನು ಹಿಂದಕ್ಕೆ ಪಡೆದು, ಬಾಯಿ ಮಡಚಿದ ಒಂದರ ಬೆಲೆಯನ್ನು ಮುರಿದುಕೊಂಡ. "ಮೊದಲ ಬಿಡಿ ಉಳಿ ತೋರಿಸಿದ್ದೆನಲ್ರೀ ಸರ," ಎಂದ. ಅದು ನಿಜವೂ ಆಗಿತ್ತು. ಯಜಮಾನರು ಮೇಲೆ ಹಣ ಹಾಕಿ ಮೂರು ಗಿಡ್ಡ ಉಳಿಗಳನ್ನೂ ಎರಡು ಮುಖದ ಒಂದು ಸಾಣೆಕಲ್ಲನ್ನೂ ತಂದರು. ಉಳಿದುಹೋದ ಹಳೆಯದು ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಲು ಒದಗುತ್ತಿದೆ.

ಅನಂತರದ ಭಾನುವಾರ ಹಳೆಯ ತಗ್ಗಿಗೆ ಮರದ ತುಂಡು ಕೂಡಿಸಿ, ಅದರ ಕೆಳಗೆ ಹೊಸ ತಗ್ಗು ತೋಡುವ ಕೆಲಸ ನಡೆಯಿತು. ಹುಡುಗಿ ಬಿಜಾಗರಿಯ ಸುತ್ತ ಚಾಕುವಿನಿಂದ ಗೆರೆ ಕೊರೆದಳು. ಗೆರೆಯೊಳಗೆ ಅಡ್ಡಡ್ಡವಾಗಿ ಸಣ್ಣ ಪೆಟ್ಟುಗಳನ್ನು ಹಾಕಿದಳು. ಆಮೇಲೆ ಅಗಲ ಉಳಿಯಿಂದ ಪದರಪದರವಾಗಿ ಹೆರೆದಳು. ಆಳ ಬಿಜಾಗರಿಯ ತಗಡಿನ ದಪ್ಪದಷ್ಟು, ಅದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚಲ್ಲ. ಮಳೆಯ ತೇವಕ್ಕೆ ಉಬ್ಬಿದ ಕದದ ಅಂಚನ್ನು ಮಾತ್ರ ಹೆರೆಯದೆ ಬಿಟ್ಟರು. ಈಗ ಹೆರೆದರೆ ಬೇಸಿಗೆಯಲ್ಲಿ ಮರ ಕುಗ್ಗಿ ಸಂದು ಬೀಳುತ್ತದೆಂದು ಮುದುಕ ಮೊದಲೇ ಎಚ್ಚರಿಸಿದ್ದ. ತಾಯಿ ಅಡಿಗೆಮನೆಯಿಂದ ಹತ್ತು ಸಲ ಬಂದು ಹತ್ತು ಬೆರಳುಗಳನ್ನೂ ಎಣಿಸಿ ಹೋದರು.

ಎರಡು ದಿನಗಳ ಮೇಲೆ ಬಡಿಗ ತನ್ನ ಚೀಲದೊಡನೆ ಬಾಗಿಲಲ್ಲಿ ನಿಂತ. ಕದವನ್ನು ಒಮ್ಮೆ ತೆರೆದ, ಒಮ್ಮೆ ಮುಚ್ಚಿದ, ಬಿಜಾಗರಿಯ ಅಂಚಿನ ಮೇಲೆ ಬೆರಳಾಡಿಸಿದ.

"ಯಾರ್ ಮಾಡಿದ್ರೀ ಅಕ್ಕಾರ?"

"ನಮ್ಮ ಹುಡುಗಿ."

ಅವನು ಮತ್ತೊಮ್ಮೆ ಬಗ್ಗಿ ನೋಡಿದ. "ಕೆಳಗಿನ ತಿರುಪು ಒಂದೀಟು ಸೊಟ್ಟ ಆಗೈತ್ರೀ," ಎಂದು ಅದನ್ನು ತೆಗೆದು ನೆಟ್ಟಗೆ ಹಾಕಿಕೊಟ್ಟು, ಹಣ ಕೊಡಹೋದರೆ ಬೇಡವೆಂದು ಕೈಯಾಡಿಸಿ, ಹೊಸ ಮನೆಯ ಕೆಲಸಕ್ಕೆ ಹೊರಟುಹೋದ.